ಹಗೇವಿನ ಮೂರು ಪ್ರತಿ

ಮೂರು ದಿನಕ್ಕೆ ಫೈಲಿನ ನೂರರಲ್ಲಿ ಹನ್ನೆರಡು ಪಾಲು ಬಂದಿತ್ತು. ಫಕ್ಕೀರಪ್ಪ ಹುಬ್ಬಳ್ಳಿಯ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕುಳಿತು, ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಆ ಹನ್ನೆರಡನ್ನು ದಿಟ್ಟಿಸುತ್ತಿದ್ದ. ಬೆಳಿಗ್ಗೆ ಚಹಾ ಕುಡಿಯುವಾಗಲೂ ಅದು ಹನ್ನೆರಡೇ ಆಗಿತ್ತು. ಊಟದ ಹೊತ್ತಿಗೂ ಹನ್ನೆರಡೇ. ಒಳಗೆ ಅವನ ಮಗಳು ಇಂಚರಾಳನ್ನು ಔಷಧಿ ಕೊಟ್ಟು ನಿದ್ದೆಯಲ್ಲಿ ಮುಳುಗಿಸಿ ಇಟ್ಟಿದ್ದರು. ಹಾಗೆ ಇನ್ನು ಒಂಬತ್ತು ದಿನ ಇಡಬಹುದು, ಅದಕ್ಕಿಂತ ಹೆಚ್ಚು ಇಟ್ಟರೆ ಉಸಿರಾಟಕ್ಕೇ ಪೆಟ್ಟು, ಎಬ್ಬಿಸಿದರೆ ಮೂರ್ಛೆ ಎಂದು ಡಾಕ್ಟರ್ ತುರಮರಿ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಹತ್ತೊಂಬತ್ತು ವರ್ಷದ ಹುಡುಗಿಗೆ ಹದಿಮೂರರಿಂದ ಮೂರ್ಛೆರೋಗ. ಮಾತ್ರೆಗೆ ಬಗ್ಗದ ಜಾತಿಯದು. ಆಗಲೇ ತಲೆಬುರುಡೆಯ ಕೆಳಗೆ ಉಗುರಿನಷ್ಟಗಲದ ಒಂದು ಚಿಪ್ ಕೂರಿಸಿದ್ದರು. ಮೂರ್ಛೆ ಬರುವ ಮುಂಚೆ ಮಿದುಳಿನಲ್ಲಿ ಏಳುವ ಅಲೆಯನ್ನು ಗುರುತು ಹಿಡಿದು, ಅದು ಎದ್ದಲ್ಲೇ ಅಮುಕುವುದು ಅದರ ಕೆಲಸ. ಆದರೆ ಆ ಅಲೆ ಒಬ್ಬರದಿದ್ದಂತೆ ಇನ್ನೊಬ್ಬರದಿರುವುದಿಲ್ಲ. ಚಿಪ್ ಮೊದಲ ವರ್ಷವೆಲ್ಲ ನೂರಾರು ಸಲ ತಪ್ಪಿ, ತಿದ್ದಿಕೊಂಡು, ಅವಳೊಬ್ಬಳ ಪಾಠ ಕಲಿತಿತ್ತು. ಆಮೇಲೆ ಆ ಪಾಠ ಬದಲಾಗಿರಲಿಲ್ಲ. ಬ್ಯಾಟರಿ ಸತ್ತರೆ ಪಾಠವೂ ಸಾಯುತ್ತದೆ. ಅದಕ್ಕೇ ಅದನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡಿರಬೇಕು. ಆಸ್ಪತ್ರೆಯವರು ರೋಗಿಯ ತಲೆಯೊಳಗಿನದನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಕಾನೂನೇ ಇತ್ತು. ಈಗ ಹಳೆಯದರ ಬ್ಯಾಟರಿ ಸತ್ತು ಹೊಸ ಚಿಪ್ ಕೂರಿಸಿಯಾಗಿತ್ತು. ಅದು ಹಸುಗೂಸಿನಷ್ಟು ದಡ್ಡ. ಪಾಠ ತುಂಬಬೇಕು ಎಂದು ಕಂಪ್ಯೂಟರ್ ತೆರೆದರೆ ಅದರಲ್ಲಿ ಏನೂ ಇಲ್ಲ.

ಏನೂ ಇಲ್ಲದಂತೆ ಮಾಡಿದವನು ಫಕ್ಕೀರಪ್ಪನೇ. ಕಂಪ್ಯೂಟರ್ ನಿಧಾನವಾಯಿತೆಂದು ತಿಂಗಳ ಹಿಂದೆ ಪೇಟೆಯ ಅಂಗಡಿಗೆ ಒಯ್ದಿದ್ದ. ಒಳಗಿದ್ದದ್ದೆಲ್ಲ ಅಳಿಸಬೇಕಾಗುತ್ತದೆ, ಅಡ್ಡಿಯಿಲ್ಲವೇ ಎಂದು ಅಂಗಡಿಯವನು ಎರಡು ಸಲ ಕೇಳಿದ್ದ. ಫಕ್ಕೀರಪ್ಪ ನಕ್ಕಿದ್ದ. ಎಲ್ಲ ಹಗೇವಿನಲ್ಲಿದೆ, ಅಲ್ಲಿ ಒಂದಲ್ಲ ಮೂರು ಪ್ರತಿ ಇಡುತ್ತಾರೆ, ನನಗೆ ಹೇಳಬೇಡ, ಆ ಕಂಪನಿಯ ಕೆಲಸ ಮಾಡುವವನೇ ನಾನು ಎಂದಿದ್ದ.

ಹಗೇವು ಎಂದರೆ ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕುಣಿ. ಈ ಹಗೇವು ಆ ಹೆಸರಿಟ್ಟುಕೊಂಡ ಕಂಪನಿ. ಮನೆಮನೆಯ ಕಂಪ್ಯೂಟರಿನಲ್ಲಿದ್ದುದನ್ನು ಇಂಟರ್ನೆಟ್ಟಿನಲ್ಲಿ ಎಳೆದುಕೊಂಡು ಕಾಯ್ದಿಡುತ್ತಿತ್ತು. ಮೊದಲು ಇಂಥ ಕಂಪನಿಗಳು ಊರಗಲದ ಕಟ್ಟಡಗಳಲ್ಲಿ ಯಂತ್ರ ಹೂಡಿ, ಅವನ್ನು ತಣ್ಣಗಿಡಲು ಜನರ ಕುಡಿಯುವ ನೀರನ್ನೂ ಕರೆಂಟನ್ನೂ ನುಂಗುತ್ತಿದ್ದವು. ಜನ ರೊಚ್ಚಿಗೆದ್ದು ಆ ಕಟ್ಟಡಗಳಿಗೆ ಬೀಗ ಬಿದ್ದ ಮೇಲೆ ಬೀಜ ಬಂತು. ಬೀಜದೊಳಗೆ ಗಿಡದ ಗುಣವೆಲ್ಲ ನಾಲ್ಕೇ ಅಕ್ಷರಗಳಲ್ಲಿ ಬರೆದಿರುತ್ತದೆ, ಆ ಬರಹದ ನಡುವೆ ಖಾಲಿ ಜಾಗವೂ ಬೇಕಾದಷ್ಟಿರುತ್ತದೆ. ಅಲ್ಲಿ ಜನರ ಫೋಟೋ, ಪತ್ರ, ಲೆಕ್ಕಪತ್ರಗಳನ್ನು ಅದೇ ನಾಲ್ಕು ಅಕ್ಷರಗಳಲ್ಲಿ ಬರೆಯಲು ಕಲಿತರು. ಬೆಂಡೆ ಬೀಜವನ್ನು ಆರಿಸಿದರು. ಒಂದು ಬೀಜದಲ್ಲಿ ಒಂದು ಚೂರು. ಐದುನೂರು ಬಗೆಯ ಬೀಜ ಸೇರಿದರೆ ಸಾವಿರಾರು ಮನೆಗಳ ಕಂಪ್ಯೂಟರು ಒಂದು ಗೋಣಿಚೀಲದಲ್ಲಿ. ಕರೆಂಟು ಬೇಡ, ನೀರು ಬೇಡ. ಬೀಜ ಮುಪ್ಪಾಗುತ್ತದೆ ಎಂದು ನಾಲ್ಕು ವರ್ಷಕ್ಕೊಮ್ಮೆ ಬಿತ್ತಿ ಹೊಸ ಬೀಜ ತೆಗೆಯಬೇಕು, ಅಷ್ಟೆ.

ಆ ಬಿತ್ತನೆಗೆ ರೈತರನ್ನು ಕೂಡಿಸುವವನಿಗೆ ಆರ್ಗನೈಸರ್ ಎನ್ನುತ್ತಾರೆ. ತುಂಗಭದ್ರೆಯ ದಂಡೆಯ ಬೇವಿನಕಟ್ಟಿಯಲ್ಲಿ ನಲವತ್ತು ಮನೆಗಳ ಆರ್ಗನೈಸರ್ ಫಕ್ಕೀರಪ್ಪ. ಒಂದೇ ಬರಹದ ಮೂರು ಪ್ರತಿಗಳನ್ನು ಮೂರು ಜಿಲ್ಲೆಗಳಲ್ಲಿ ಮೂವರು ಆರ್ಗನೈಸರ್‌ಗಳು ಬೆಳೆಸಬೇಕೆಂಬುದು ಕಂಪನಿಯ ನಿಯಮ. ಒಬ್ಬ ಆರ್ಗನೈಸರ್‌ನ ಹೊಲಗಳಲ್ಲೆಲ್ಲ ಅದೇ ಒಂದು ಬರಹ. ಯಾವ ಮನೆಯ ಬರಹ ಯಾವ ಚೀಲದಲ್ಲಿದೆ ಎಂದು ಬೆಳೆಯುವವರಿಗೆ ಗೊತ್ತಾಗುವುದಿಲ್ಲ.

ಕಂಪ್ಯೂಟರ್ ಮುಚ್ಚಿ ಫಕ್ಕೀರಪ್ಪ ಧಾರವಾಡದ ಬಸ್ಸು ಹತ್ತಿದ.

ಹಗೇವಿನ ಉಗ್ರಾಣದಲ್ಲಿ ಬೀಜ ಓದುವ ಕೋಣೆಯ ಉಸ್ತುವಾರಿ ಸಬೀಹಾ ನದಾಫ್ ಎಂಬ ಮೂವತ್ತರ ಹೆಣ್ಣುಮಗಳದು. ಅವನನ್ನು ಕಾಕಾ ಎಂದೇ ಕರೆದು, ಕುಡಿಯಲು ನೀರು ಕೊಟ್ಟು, ಯಂತ್ರ ತೋರಿಸಿದಳು. ಯಂತ್ರ ಒಂದೊಂದೇ ಬೀಜವನ್ನು ಎತ್ತಿ, ಅರೆದು, ಓದಿ ಬಿಸಾಡುತ್ತಿತ್ತು. ಒಂದು ಬೀಜಕ್ಕೆ ಎರಡು ನಿಮಿಷ. ಪಕ್ಕದ ಪರದೆಯಲ್ಲಿ ಸಾಲು ಮೂಡುತ್ತಿತ್ತು: ಖಾಲಿ, ಖಾಲಿ, ಖಾಲಿ, ಖಾಲಿ.

"ನೂರು ಬೀಜದಾಗ ಮೂರರಾಗ ಅಷ್ಟ ಬರಹ ಐತಿ ಕಾಕಾ," ಎಂದಳು ಸಬೀಹಾ. "ಉಳಿದ ತೊಂಬತ್ತೇಳೂ ಸಂತ್ಯಾಗ ಸಿಗೋ ಬೆಂಡಿ ಬೀಜ. ಹಿಂಗ ಹೋದ್ರ ನಿಮ್ಮ ಫೈಲು ಪೂರಾ ಬರಾಕ ಐದು ತಿಂಗಳು ಬೇಕು."

ಉಳಿದೆರಡು ಪ್ರತಿಗಳಿವೆಯಲ್ಲ ಎಂದ ಫಕ್ಕೀರಪ್ಪ. ಅವಳು ತಲೆ ಅಲ್ಲಾಡಿಸಿದಳು. ಮೊದಲು ಓದಿದ್ದೇ ಅವೆರಡನ್ನು. ಒಂದರಲ್ಲಿ ನೂರಕ್ಕೆ ಎರಡು, ಇನ್ನೊಂದರಲ್ಲಿ ಒಂದೂ ಇಲ್ಲ. ಇದು ಮೂರನೆಯದು, ಇದ್ದುದರಲ್ಲಿ ಇದೇ ವಾಸಿ. ಶುದ್ಧ ಬೀಜ ಎರಡು ಹಿಡಿ ಸಿಕ್ಕರೆ ಐದೇ ದಿನದಲ್ಲಿ ಕೆಲಸ ಮುಗಿಸಿಕೊಡುತ್ತೇನೆ, ಎಲ್ಲಿಂದ ತರಲಿ ಎಂದಳು. ಆಮೇಲೆ ಮೇಜಿನ ಮೇಲಿದ್ದ ಖಾಲಿ ಚೀಲವನ್ನು ಅವನ ಕಡೆ ಸರಿಸಿ, ಇದನ್ನು ಬೆಳೆಸಿದವರ ಮೇಲೆ ಕೇಸು ಹಾಕುತ್ತಾರೆ, ನೀವೂ ಹಾಕಬಹುದು ಎಂದಳು.

ಚೀಲದ ಬಾಯಿಗೆ ಹಸಿರು ದಾರದ ಇಮ್ಮಡಿ ಹೊಲಿಗೆ ಇತ್ತು. ಆ ಹೊಲಿಗೆ ಹಾಕುವುದು ಇಡೀ ಸೀಮೆಯಲ್ಲಿ ಒಬ್ಬನೇ. ಅದು ಫಕ್ಕೀರಪ್ಪನದೇ ಕೈ.

ಅವನು ಹೊಲಿಗೆ ಕಾಣದಂತೆ ಚೀಲವನ್ನು ಮಡಚಿಟ್ಟ. ಬರಹ ತುಂಬಿದ ಬೀಜದ ಗಿಡ ಬಡಕಲು. ಕಾಯಿ ಹಿಡಿಯುವುದು ಕಡಿಮೆ, ಕಾಯಿಯೊಳಗೆ ಬೀಜ ಇನ್ನೂ ಕಡಿಮೆ. ಕಂಪನಿಯ ಆಫೀಸಿನಲ್ಲಿ ಕುಳಿತವನು ಎಕರೆಗೆ ಇಷ್ಟು ತೂಕ ಬರಲೇಬೇಕೆಂದು ಗೀಚಿಟ್ಟಿದ್ದ. ಬಾರದಿದ್ದರೆ ಮುಂದಿನ ಸಲ ಆ ಊರಿಗೆ ಬಿತ್ತನೆಯಿಲ್ಲ. ರೈತರು ಬಂದು ಅತ್ತಾಗ, ತೂಕ ಕೂಡಿಸಿರಿ, ಹೇಗೆ ಕೂಡಿಸುತ್ತೀರೋ ನನಗೆ ಗೊತ್ತಿಲ್ಲ ಎಂದವನು ಫಕ್ಕೀರಪ್ಪ. ಅವರು ಸಂತೆಯ ಬೆಂಡೆ ಬೀಜ ತಂದು ಬೆರೆಸಿದರು. ಕಂಪನಿಯವರು ಚೀಲದ ಬಾಯಿಂದ ಒಂದು ಹಿಡಿ ತೆಗೆದು ಪರೀಕ್ಷೆ ಮಾಡುತ್ತಾರೆಂದು ಮೇಲ್ಭಾಗಕ್ಕೆ ನಿಜವಾದ ಬೀಜ ಸುರುವಿ, ಬಾಯಿ ಹೊಲಿದು ಕಳಿಸಿದವನೂ ಅವನೇ. ಆಗ ಅವನ ಎದೆ ಅಳುಕಿರಲಿಲ್ಲ. ಯಾರದೋ ಮದುವೆಯ ಫೋಟೋ, ಯಾರದೋ ಹಳೆಯ ಪತ್ರ. ಹಾಳಾದರೂ ಉಳಿದೆರಡು ಪ್ರತಿ ಸರಿ ಇರುತ್ತವಲ್ಲ ಎಂದುಕೊಂಡಿದ್ದ. ಉಳಿದಿಬ್ಬರು ಆರ್ಗನೈಸರ್‌ಗಳೂ ಅದನ್ನೇ ಅಂದುಕೊಂಡಿದ್ದರು ಎಂಬುದು ಈಗ, ಈ ಕೋಣೆಯಲ್ಲಿ, ಅವನ ತಲೆಗೆ ಹೊಳೆಯಿತು. ಮೂರು ಮಂದಿ ಒಬ್ಬರ ಹೆಗಲ ಮೇಲೊಬ್ಬರು ಭಾರ ಹಾಕಿ ನಿಂತಿದ್ದರು. ಯಾರ ಕಾಲೂ ನೆಲದ ಮೇಲಿರಲಿಲ್ಲ.

ಸಬೀಹಾಳಿಗೆ ಅವನು ಏನೂ ಹೇಳಲಿಲ್ಲ. ಆಸ್ಪತ್ರೆಗೆ ಮರಳಿ ಹೆಂಡತಿಗೆ ಹೇಳಿದ. ರುದ್ರವ್ವ ಮಗಳ ಕಾಲಿಗೆ ಎಣ್ಣೆ ಸವರುತ್ತಿದ್ದಳು. ಕೇಳುತ್ತಾ ಕೇಳುತ್ತಾ ಅವಳ ಕೈ ನಿಂತಿತು. ಅತ್ತರೆ ಸಮಾಧಾನ ಮಾಡಬಹುದಿತ್ತು, ಅವಳು ಅಳಲಿಲ್ಲ.

"ಹಂಗಾರ ನಿಮ್ಮ ಮಗಳ ತಲಿ ನೀವ ಸಂತ್ಯಾಗ ಮಾರಿ ಬಂದಂಗಾತು," ಎಂದಳು. "ಬೆರಸಾಕ ಒಲ್ಲೆ ಅಂದಾವರು ಊರಾಗ ಒಬ್ಬರೂ ಇರಲಿಲ್ಲೇನ್ರಿ?"

ಇದ್ದಳು. ಒಬ್ಬಳಿದ್ದಳು. 

ಹುಲಿಗೆವ್ವ. ಗಂಡ ಸತ್ತವಳು, ಅರ್ಧ ಎಕರೆಯವಳು. ಕಳೆದ ಬಿತ್ತನೆಯಲ್ಲಿ ತೂಕದ ದಿನ ಅವಳ ಚೀಲ ಅರ್ಧವೂ ತುಂಬಿರಲಿಲ್ಲ. ಬೆಳೆದದ್ದು ಇಷ್ಟೇ, ಇದಕ್ಕೆ ಇನ್ನೇನೂ ಬೆರೆಸುವುದಿಲ್ಲ ಎಂದು ನಿಂತಿದ್ದಳು. ಅವಳ ಒಂದು ಚೀಲ ಹಾಗೆ ಹೋದರೆ ಉಳಿದ ಮೂವತ್ತೊಂಬತ್ತು ಚೀಲ ಹೇಗೆ ತುಂಬಿದವು ಎಂದು ಕಂಪನಿ ಕೇಳುತ್ತಿತ್ತು. ಅದಕ್ಕೆ ಫಕ್ಕೀರಪ್ಪ ಊರೆಲ್ಲ ಕೇಳುವಂತೆ ಅವಳನ್ನು ಕಳ್ಳಿ ಎಂದಿದ್ದ, ಕಂಪನಿಯ ಬೀಜ ಹೊರಗೆ ಮಾರಿಕೊಂಡಳು ಎಂದಿದ್ದ. ಅವಳ ಬೀಜ ತಿರಸ್ಕಾರವಾಯಿತು. ತಿರಸ್ಕರಿಸಿದ ಬೀಜವನ್ನು ಆರ್ಗನೈಸರ್ ಎದುರಿಗೆ ಸುಡಬೇಕು. ಅವನು ಸುಡಲು ಹೇಳಿ, ನಿಂತು ನೋಡುವ ತಾಳ್ಮೆಯಿಲ್ಲದೆ ಮೋಟಾರ್ ಸೈಕಲ್ ಹತ್ತಿದ್ದ. ಸುಟ್ಟಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಹುಲಿಗೆವ್ವನ ಬಾಗಿಲಲ್ಲಿ ನಿಂತಾಗ ಅವಳು ಹೊರಗೆ ಹೊರಟಿದ್ದಳು, ಬುತ್ತಿ ಕೈಯಲ್ಲಿತ್ತು. ಬೆಂಡೆಯ ಕಾಯಿ ಒಡೆದು ಬೀಜ ಬಿಡಿಸುವ ಕೆಲಸ ಬೇವಿನಕಟ್ಟಿಯಲ್ಲೇ ಧಾರಾಳವಾಗಿತ್ತು. ಆದರೆ ಕಳ್ಳಿಯನ್ನು ಯಾರೂ ಹೊಲದೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾಲ್ಕು ವರ್ಷದಿಂದ ಅವಳು ಹೊಳೆ ದಾಟಿ ಆಚೆಯ ಊರಿಗೆ ಕೂಲಿಗೆ ಹೋಗುತ್ತಿದ್ದಳು.

ಫಕ್ಕೀರಪ್ಪ ನಿಂತಲ್ಲೇ ಎಲ್ಲ ಹೇಳಿದ. ಮಗಳ ವಿಷಯ, ಎಂಟು ದಿನದ ವಿಷಯ, ಚೀಲದ ವಿಷಯ. ಅವಳು ಬುತ್ತಿಯನ್ನು ಕಟ್ಟೆಯ ಮೇಲಿಟ್ಟಳು.

"ಸುಡಲಿಲ್ಲಣ್ಣ ನಾನು," ಎಂದಳು. "ಬೀಜ ಸುಡಾಕ ಕೈ ಬರಲಿಲ್ಲ. ಬೂದಿ ಕಲಸಿ ಡಬ್ಬ್ಯಾಗ ಹಾಕಿ ಅಟ್ಟದ ಮ್ಯಾಲಿಟ್ಟೀನಿ. ಹುಳ ತಿಂದು ಉಳಿದಿದ್ದು ಎರಡು ಹಿಡಿ ಆಗ್ತೈತಿ."

ಫಕ್ಕೀರಪ್ಪ ಒಳಗಿನ ಅಟ್ಟದ ಕಡೆ ನೋಡಿದ. ಕೊಡವ್ವಾ, ಏನು ಬೇಕು ಕೇಳು ಎಂದ. ಅವಳು ಅವನ ಮುಖವನ್ನೇ ನೋಡಿದಳು. ಅದರಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ.

"ಈಗ ನಾ ಡಬ್ಬಿ ಕೊಟ್ಟೆ ಅನ್ನು. ಕಂಪನಿ ಬೀಜ ಇವಳ ಮನ್ಯಾಗ ಹೆಂಗ ಬಂತು ಅಂತ ಪೊಲೀಸರು ಕೇಳ್ತಾರ. ನೀ ಅಂದ ಮಾತು ಖರೇ ಆಗ್ತೈತಿ. ಅವತ್ತು ಬಾಯಿಲೆ ಕಳ್ಳಿ ಮಾಡಿದಿ, ಇವತ್ತು ಮಾಲು ಸಮೇತ ಕಳ್ಳಿ ಮಾಡಾಕ ಬಂದಿ."

ನಾನು ಕಂಪನಿಯವರಿಗೆ ಹೇಳುತ್ತೇನೆ ಎಂದು ಫಕ್ಕೀರಪ್ಪ ಅಂಗಲಾಚಿದ. ಬರೆದುಕೊಡುತ್ತೇನೆ ಎಂದ. ದೇವರ ಮೇಲೆ ಆಣೆ ಎಂದ.

"ಕಾಗದ ನನಗ ಓದಾಕ ಬರೂದಿಲ್ಲ. ಎಲ್ಲಿ ನಿಂತು ಕಳ್ಳಿ ಅಂದಿದ್ದೀ, ಅಲ್ಲೇ ನಿಂತು ಅನ್ನು. ನನ್ನ ತೂಕ ಖರೇ ಇತ್ತು ಅನ್ನು. ಮಂದಿ ಕೇಳಿದ ಮ್ಯಾಲ ಡಬ್ಬಿ ಇಳಸ್ತೀನಿ."

ಅಂದರೆ ಉಳಿದ ಮೂವತ್ತೊಂಬತ್ತು ಚೀಲದ ತೂಕ ಸುಳ್ಳು ಅನ್ನಬೇಕು. ಅಂದರೆ ಕೇಸು, ಅಂದರೆ ಇನ್ನೆಂದೂ ಬೇವಿನಕಟ್ಟಿಗೆ ಬಿತ್ತನೆಯಿಲ್ಲ. ಆ ಬೆಂಡೆಯ ಮೇಲೆ ಊರು ಹಂಚಿನ ಮನೆ ಕಟ್ಟಿಸಿತ್ತು, ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿತ್ತು. ಅವನು ಹೋಗಿ ತನ್ನ ಮನೆಯ ಹಿತ್ತಲಲ್ಲಿ ಅರ್ಧ ದಿನ ಕುಳಿತ. ಅಟ್ಟ ಹತ್ತಿ ಡಬ್ಬಿ ಕಸಿದು ತರುವ ಯೋಚನೆಯೂ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎದ್ದು ನಿಂತ ಕೂಡ. ಅಷ್ಟರಲ್ಲಿ ರುದ್ರವ್ವನ ಫೋನು ಬಂತು. ಔಷಧಿಯ ನಿದ್ದೆಯಲ್ಲಿದ್ದಾಗಲೇ ಇಂಚರಾಳಿಗೆ ಮೂರ್ಛೆ ಬಂದು ಹೋಯಿತು, ಔಷಧಿ ಹೆಚ್ಚಿಸಿದ್ದಾರೆ, ಡಾಕ್ಟರು ಇನ್ನು ಒಂಬತ್ತು ದಿನದ ಮಾತಾಡುತ್ತಿಲ್ಲ ಎಂದಳು. ಎಷ್ಟು ಅಂತಾರೆ ಎಂದು ಕೇಳಿದ. ಅವಳು ಆರು ಎಂದಳು.

ಅವನು ಸಬೀಹಾಳಿಗೆ ಫೋನು ಮಾಡಿದ. ಆ ಹಸಿರು ಹೊಲಿಗೆ ನನ್ನದು, ಶುದ್ಧ ಬೀಜ ಒಂದು ಮನೆಯಲ್ಲಿದೆ, ನಾಳೆ ವ್ಯಾನು ತಗೊಂಡು ಬಾರವ್ವಾ ಎಂದ.  ಅವಳು ಬರುತ್ತೇನೆ ಎಂದಷ್ಟೇ ಹೇಳಿ ಫೋನು ಇಟ್ಟಳು. ಕಾಕಾ ಎನ್ನಲಿಲ್ಲ.

ಅದು ಈ ಸಲದ, ಬೇರೆ ಬರಹದ ಹೊಸ ಬೀಜದ ತೂಕ ನಡೆದಿದ್ದ ವಾರ. ಪಂಚಾಯತಿಯ ಮುಂದಿನ ಕಣದಲ್ಲಿ ನಲವತ್ತು ಮನೆಯವರೂ ಇದ್ದರು, ಚೀಲಗಳು ಸಾಲಾಗಿ ನಿಂತಿದ್ದವು, ಬಾಯಿ ಹೊಲಿಯಲು ಫಕ್ಕೀರಪ್ಪನನ್ನೇ ಕಾಯುತ್ತಿದ್ದರು. ಮಗಳು ಹೇಗಿದ್ದಾಳೆ ಎಂದು ನಾಲ್ಕಾರು ಮಂದಿ ಕೇಳಿದರು. ಹಿರಿಯ ಚಂಬಣ್ಣ, ಎಲ್ಲರಿಗೂ ಚಂಬಣ್ಣಕಾಕಾ, ಅವನ ಹೆಗಲು ಮುಟ್ಟಿ ದೇವರಿದ್ದಾನೆ ಎಂದ. ಹುಲಿಗೆವ್ವ ಕಣದ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದಳು. ವ್ಯಾನಿನಿಂದ ಇಳಿದ ಸಬೀಹಾ ಅವಳ ಪಕ್ಕ ಹೋಗಿ ನಿಂತಳು.

ಫಕ್ಕೀರಪ್ಪ ತಕ್ಕಡಿಯ ಪಕ್ಕ ನಿಂತು ಹೇಳಿದ. ಹೋದ ಬಿತ್ತನೆಯಲ್ಲಿ ಹುಲಿಗೆವ್ವನ ತೂಕವೊಂದೇ ನಿಜವಾಗಿತ್ತು, ಅವಳು ಕದ್ದಿರಲಿಲ್ಲ, ಬೆರೆಸಲು ಹೇಳಿದವನು ನಾನು, ಬೆರೆಸಿದವರು ನಾವು ಎಂದ. ತಕ್ಕಡಿಯ ಸುತ್ತ ನಿಂತವರಿಗಷ್ಟೇ ಕೇಳಿತು.

"ಹಿಂದಿನವರಿಗೆ ಕೇಳಲಿಲ್ಲ," ಎಂದಳು ಹುಲಿಗೆವ್ವ. "ಅವತ್ತು ಜೋರಾಗೇ ಅಂದಿದ್ದಿ."

ಅವನು ಇನ್ನೊಮ್ಮೆ ಹೇಳಿದ. ಈ ಸಲ ಕೂಗಿದ. ಕೂಗಿ ಮುಗಿಯುವುದರೊಳಗೆ ಕಣದಲ್ಲಿ ಗದ್ದಲವೆದ್ದಿತು. ಯಾರೋ ತಮ್ಮ ಚೀಲವನ್ನು ಎಳೆದುಕೊಂಡು ಓಡಿದರು. ಯಾರೋ ವ್ಯಾನಿಗೆ ಅಡ್ಡ ನಿಂತರು. ಅವನ ಸ್ವಂತ ತಮ್ಮ ಬಂದು ಅಂಗಿ ಹಿಡಿದು ಜಗ್ಗಿದ. ಅವನನ್ನು ಬಿಡಿಸಿದವನು ಚಂಬಣ್ಣ. ಬಿಡಿಸಿ, ಹತ್ತಿರ ನಿಂತು, ತಣ್ಣಗೆ ಕೇಳಿದ:

"ನಿನ್ನ ಮಗಳು ಉಳೀಲಿ ಅಂತ ನಲವತ್ತು ಮನಿ ಮಣ್ಣಾಗ ಹಾಕಿದಿ. ಅಲ್ಲೋ, ನಮ್ಮ ಮನ್ಯಾಗ ಯಾರಿಗಾರ ಹಿಂಗ ಆಗಿದ್ರ ನೀ ಬಾಯಿ ಬಿಡತಿದ್ದೇನು?"

  ಚಂಬಣ್ಣ ಫಕ್ಕೀರಪ್ಪನ ಕಾಲ ಹತ್ತಿರ ಉಗುಳಿ ಹೊರಟುಹೋದ.

ಹುಲಿಗೆವ್ವ ಅಟ್ಟದಿಂದ ಇಳಿಸಿದ ಡಬ್ಬಿಯನ್ನು ಅವನ ಕೈಗೆ ಕೊಡಲಿಲ್ಲ. ಸಬೀಹಾಳ ಕೈಗೆ ಕೊಟ್ಟಳು, ಡಬ್ಬಿ ವಾಪಸು ಕೊಡಬೇಕು ಎಂದಳು.

ಬೀಜದ ಬೂದಿ ತೊಳೆದು ಯಂತ್ರಕ್ಕೆ ಹಾಕುವುದರಲ್ಲೇ ಒಂದು ದಿನ ಹೋಯಿತು. ಆಮೇಲೆ ಅಂಕಿ ಓಡತೊಡಗಿತು. ಮೊದಲ ದಿನಕ್ಕೆ ಎಂಬತ್ತು. ಎರಡನೆಯ ದಿನಕ್ಕೆ ತೊಂಬತ್ತೈದು. ಅಲ್ಲಿಂದ ಮುಂದೆ ಕಾಲೆಳೆಯಿತು. ಉಳಿದ ಬಗೆಗಳು ರಾಶಿಯಲ್ಲಿ ಎಲ್ಲೆಲ್ಲೋ ಅಡಗಿರುತ್ತವೆ, ಕೈಗೆ ಬಂದಾಗ ಬರಬೇಕು ಎಂದು ಸಬೀಹಾ ಹೇಳಿದಳು. ತೊಂಬತ್ತಾರು. ತೊಂಬತ್ತೇಳು. ಫಕ್ಕೀರಪ್ಪ ಊಟ ಬಿಟ್ಟಿದ್ದ. ಊರಿನಿಂದ ಫೋನುಗಳು ಬರುತ್ತಿದ್ದವು: ಪೊಲೀಸರು ಬಂದರು, ಕಣದ ಚೀಲಗಳಿಗೆ ಮೊಹರು ಬಿತ್ತು, ತಮ್ಮನನ್ನು ಠಾಣೆಗೆ ಕರೆದೊಯ್ದರು. ನಿನ್ನ ಸರದಿಯೂ ಬರುತ್ತದೆ ಎಂದು ಒಬ್ಬ ಹೇಳಿದ. ಬರಲಿ, ನಾಲ್ಕು ದಿನ ತಡೆದು ಬರಲಿ ಎಂದು ಫಕ್ಕೀರಪ್ಪ ಬೇಡಿಕೊಂಡ.

ಆರನೆಯ ದಿನ ಮಧ್ಯಾಹ್ನ ತೊಂಬತ್ತೆಂಟಕ್ಕೆ ನಿಂತಿತು. ಡಬ್ಬಿ ಖಾಲಿಯಾಗಿತ್ತು.

ಡಾಕ್ಟರ್ ತುರಮರಿ ಬಂದಷ್ಟು ಪಾಠವನ್ನು ಮೊದಲಿನಿಂದ ಕೊನೆಯ ತನಕ ನೋಡಿದರು. ಪಾಠದಲ್ಲಿ ಅಲ್ಲಲ್ಲಿ ತೂತುಗಳಿವೆ, ಅದು ಯಾವ ಗಳಿಗೆಯಲ್ಲಿ ತಪ್ಪುತ್ತದೋ ಹೇಳಲಾರೆ, ಆದರೆ ಕಾಯಲು ಇನ್ನು ದಿನವಿಲ್ಲ ಎಂದು ಹೊಸ ಚಿಪ್ಪಿಗೆ ಅದನ್ನೇ ತುಂಬಿ, ಔಷಧಿ ನಿಲ್ಲಿಸಿದರು.

ಇಂಚರಾಳ ಮೂರ್ಛೆ ಯಾವಾಗಲೂ ಎಡಗೈಯ ಹೆಬ್ಬೆರಳಿನಿಂದ ಶುರುವಾಗುತ್ತಿತ್ತು. ತಾಯಿತಂದೆ ಇಬ್ಬರೂ ಮಂಚದ ಆಚೆ ಈಚೆ ಕುಳಿತು ಆ ಬೆರಳನ್ನು ನೋಡುತ್ತಿದ್ದರು. ಸಂಜೆ ನಾಲ್ಕರ ಸುಮಾರಿಗೆ ಅದು ಅದುರಿತು. ಅದುರುವಿಕೆ ಮುಂಗೈಗೆ ಏರಿತು, ಮೊಣಕೈಯ ತನಕ ಬಂತು. ರುದ್ರವ್ವ ಮಗಳ ತೋಳನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು, ಹಿಡಿದರೆ ನಿಲ್ಲುವುದಿಲ್ಲವೆಂದು ಆರು ವರ್ಷದಿಂದ ಗೊತ್ತಿದ್ದವಳು. ಅಲೆ ಅಲ್ಲೇ ತಡವರಿಸಿತು. ಆಮೇಲೆ ತೋಳು ಸಡಿಲವಾಗಿ, ಬೆರಳು ನೆಟ್ಟಗಾಗಿ, ಹಾಸಿಗೆಯ ಮೇಲೆ ಸುಮ್ಮನೆ ಬಿತ್ತು. ಸ್ವಲ್ಪ ಹೊತ್ತಿಗೆ ಇಂಚರಾ ಕಣ್ಣು ತೆರೆದು, ಒಣಗಿದ ತುಟಿಯಲ್ಲಿ, ಅವ್ವಾ ಕೈ ನೋಯಿಸಬ್ಯಾಡ ಎಂದಳು.

ಬಾಗಿಲ ಹೊರಗೆ ಒಬ್ಬ ಪೊಲೀಸಿನವನು ಬಂದು ಬೆಂಚಿನ ಮೇಲೆ ಕುಳಿತಿದ್ದ. ಅವಸರ ಮಾಡುತ್ತಿರಲಿಲ್ಲ. ಫಕ್ಕೀರಪ್ಪ ಕಣ್ಣೊರೆಸಿಕೊಂಡು ಎದ್ದು, ಮುಚ್ಚಿಡೋಣವೆಂದು ಕಂಪ್ಯೂಟರಿನ ಕಡೆ ಹೋದ. ಪರದೆಯ ಮೇಲೆ ಹಸಿರು ಚೌಕದಲ್ಲಿ ಒಂದು ಸಾಲು ಬಂದು ನಿಂತಿತ್ತು.

"ಏನ್ ಕೇಳಾಕತ್ತೈತ್ರಿ ಅದು?" ಎಂದಳು ರುದ್ರವ್ವ.

ಪಾಠದ ಹೊಸ ಪ್ರತಿಯನ್ನು ಹಗೇವಿನಲ್ಲಿ ಇಡಲೇ ಎಂದು ಕೇಳುತ್ತಿದೆ ಎಂದ ಅವನು. ಇಡದಿದ್ದರೆ ಈ ಕಂಪ್ಯೂಟರೊಂದೇ ಗತಿ, ಇದು ಕೆಟ್ಟರೆ ಮುಗಿಯಿತು. ಇಟ್ಟರೆ ಮೂರು ಪ್ರತಿ ಮಾಡುತ್ತಾರೆ, ಮೂರು ಜಿಲ್ಲೆಗೆ ಕಳಿಸುತ್ತಾರೆ.

ರುದ್ರವ್ವ ಮಗಳ ಹಣೆಯ ಮೇಲಿನ ಕೂದಲು ಸರಿಸಿದಳು.

"ಯಾರ ಕೈಯಾಗ ಕೊಡ್ತಾರಂತ ಕೇಳ್ರಿ," ಎಂದಳು.

ಫಕ್ಕೀರಪ್ಪ ಪರದೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಹೌದು ಎಂದು ಒಂದು ಗುಂಡಿಯಿತ್ತು, ಬೇಡ ಎಂದು ಒಂದಿತ್ತು. ಕೇಳಲು ಎಲ್ಲಿಯೂ ಜಾಗವಿರಲಿಲ್ಲ.